ನಾಲ್ಕನೇ ಸಾಲು

ಮೊದಲು ಗೊತ್ತಾದದ್ದು ನನಗಲ್ಲ, ಮಸ್ಟರ್ ಪುಸ್ತಕಕ್ಕೆ.
ಜನವರಿಯಲ್ಲಿ ಗೆರೆಯಿಂದ ಗೆರೆಗೆ ಮುಟ್ಟುತ್ತಿದ್ದ ನನ್ನ ಅಕ್ಷರ
ಹೂಮಳೆಯ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು.
ಜೂನಿನಲ್ಲಿ ಸಾವ್ಕಾರ್ರು ಕನ್ನಡಕ ಒರೆಸಿಕೊಂಡು ಕೇಳಿದರು,
"ಏನ್ರೀ ಲಿಗೋರಿ, ಶಾಯಿ ಉಳಿಸ್ತಾ ಇದ್ದೀರಾ?"
ಇಬ್ಬರೂ ನಕ್ಕೆವು. ಬಲಗೈ ಹೆಬ್ಬೆರಳು ಮಾತ್ರ
ಯಾರೂ ಹೇಳದೆ
ಇಲ್ಲದ ಜಪಸರವೊಂದನ್ನು ಎಣಿಸುತ್ತಿತ್ತು.

ಮಡಿಕೇರಿ ಆಸ್ಪತ್ರೆಯ ಹುಡುಗಿ ಡಾಕ್ಟರು
ಹದಿನಾಲ್ಕು ಪುಟ ಮುಂದಿಟ್ಟು ಒಂದೊಂದೇ ಓದಿದಳು.
ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧಕ್ಕೆ ಬರೀ ಹಿಟ್ಟು;
ಯಾರಿಗೆ ಯಾವುದೆಂದು ಕೊಡುವ ನನಗೂ ತಿಳಿಯದು ಎಂದಳು.
ತಿಂಗಳಿಗೆರಡು ಸಲ ರಕ್ತ. ಬಸ್ಸಿನ ದುಡ್ಡು ಅವರದೇ.
ವಾಂತಿ ಬರಬಹುದು, ನಿದ್ದೆ ಹೋಗಬಹುದು,
ಏನೂ ಆಗದೆಯೂ ಇರಬಹುದು.
ಒಂಬತ್ತನೇ ಪುಟದಲ್ಲಿ ಅವಳ ಬೆರಳು ನಿಂತಿತು:
'ಯಾವಾಗ ಬೇಕಾದರೂ, ಕಾರಣ ಕೊಡದೆ, ಬಿಟ್ಟು ಹೋಗಬಹುದು.'
ಮೂವತ್ತೊಂದು ವರ್ಷ ಬರೆದ ಯಾವ ಪುಸ್ತಕದಲ್ಲೂ
ಈ ಮಾತನ್ನು ನಾನು ಬರೆದಿರಲಿಲ್ಲ.

ಬಸ್ಸು ಚೆಟ್ಟಳ್ಳಿಯ ತಿರುವು ಇಳಿಯುವಾಗ ಹೂಂ ಅಂದುಕೊಂಡೆ.
ಅಭ್ಯತ್‌ಮಂಗಲದ ಹತ್ತಿರ, ಬೇಡ.
ಸಿದ್ದಾಪುರದಲ್ಲಿ ಬೀಡಿ ಕೊಳ್ಳಲು ನಿಂತರೆ ಚಿಲ್ಲರೆ ಬೆರಳಿಗೆ ಸಿಗದೆ
ಮೊಯ್ದುಕಾಕ ನನ್ನ ಅಂಗೈಯಿಂದ ತಾನೇ ಎಣಿಸಿಕೊಂಡ,
ಮಗುವಿನ ಕೈಯಿಂದ ಎತ್ತಿಕೊಳ್ಳುವ ಹಾಗೆ.

ಹಿಟ್ಟು ಅಂದಾಗಲೇ ನೆನಪಾಗಿತ್ತು
ಏಳನೇ ಬ್ಲಾಕಿಗೆ ಕಾಂಡಕೊರಕ ಬಿದ್ದ ವರ್ಷ.
ಸಂಶೋಧನೆಯವರು ಜೀಪಿನಲ್ಲಿ ಬಂದು
ಮೂರು ಸಾಲಿಗೆ ಔಷಧಿ ಹೊಡೆಸಿ
ನಾಲ್ಕನೆಯದಕ್ಕೆ ಬರೀ ನೀರು ಹೊಡೆಸಿದರು.
ಕೆಂಪು ಪೇಂಟಿನ ಗುರುತು ಬಳಿದವನು ನಾನು,
ಲೆಕ್ಕ ಇಟ್ಟವನೂ ನಾನೇ.
ನಾಲ್ಕನೇ ಸಾಲು ಕೂಡ ಅವತ್ತು ಎಲೆ ತೊಳೆದುಕೊಂಡು ಹೊಳೆಯಿತು, ಪಾಪ,
ತನಗೂ ಸಿಕ್ಕಿತೆಂಬಂತೆ.
ಮರುವರ್ಷ ಬುಡಸಮೇತ ಕಿತ್ತು ಸುಟ್ಟೆವು, ನಲವತ್ತು ಗಿಡ.
ಆ ಸಾಲು ಇಲ್ಲದಿದ್ದರೆ ಔಷಧಿ ಗೆದ್ದದ್ದು
ಯಾರಿಗೂ ತಿಳಿಯುತ್ತಿರಲಿಲ್ಲ ಎಂದರು ಜೀಪಿನವರು.
ಸರಿಯೇ.
ಗಿಡವನ್ನು ಯಾರೂ ಕೇಳಿರಲಿಲ್ಲ.

ಫ್ಲೋರಿನಾ ಹಂದಿಮಾಂಸಕ್ಕೆ ಕಾಚಂಪುಳಿ ಸುರಿಯುತ್ತ
"ನಿಮ್ಮ ಕೈ, ನಿಮ್ಮಿಷ್ಟ" ಎಂದಳು.
ಮುಚ್ಚಳ ಮುಚ್ಚಿ,
"ಈ ವಯಸ್ಸಲ್ಲಿ ಇಲಿ ಆಗೋ ಆಸೆಯಾ?" ಎಂದಳು.

ಸಂಜೆ ಕಾಗದ ಸುತ್ತಿಕೊಂಡು ಲೈನ್ ಮನೆಗಳ ಕಡೆ ಹೋದೆ.
ಚೋಮಿ ಹೊಸಿಲಲ್ಲಿ ಕೂತು ಕೆಸು ಹೆಚ್ಚುತ್ತಿದ್ದಳು.
ಇವಳ ಹೆಬ್ಬೆರಳನ್ನು ಎಷ್ಟು ಸಲ ಹಿಡಿದಿದ್ದೇನೆ,
ನೀಲಿ ಪ್ಯಾಡಿಗೆ ಒತ್ತಿ, ಪುಸ್ತಕಕ್ಕೆ ಒತ್ತಿ.
ಒಮ್ಮೆ ಮಾತ್ರ ಕೇಳಿದ್ದಳು, "ಇದರಲ್ಲಿ ಏನುಂಟು ರೈಟ್ರೇ?"
"ಏನಿಲ್ಲ, ಒತ್ತು" ಅಂದಿದ್ದೆ.
ಏನಿತ್ತೆಂದು ನನಗೆ ಗೊತ್ತಿತ್ತು.

ಇವತ್ತು ಓದಿದೆ, ಹದಿನಾಲ್ಕೂ ಪುಟ,
ಕತ್ತಲಾಗಿ ಅವಳ ಮೊಮ್ಮಗ ಟಾರ್ಚು ಹಿಡಿಯುವ ತನಕ.
ಆಚೆ ತೋಟದಲ್ಲಿ ಆನೆಗೆಂದು ಯಾರೋ ಪಟಾಕಿ ಹೊಡೆದರು;
ನಿಲ್ಲಿಸಿ, ಮತ್ತೆ ಅದೇ ಸಾಲಿನಿಂದ ಓದಿದೆ.
ಕತ್ತಿ ಕೆಳಗಿಟ್ಟು ಕೇಳಿಸಿಕೊಂಡವಳು ಕೇಳಿದ್ದು ಒಂದೇ:
"ಮದ್ದು ಒಳ್ಳೇದು ಅಂತ ಆದರೆ
ಹಿಟ್ಟು ತಿಂದವರಿಗೂ ಆಮೇಲೆ ಕೊಡ್ತಾರಾ?"

ಹುಡುಕಿದೆ. ಹಿಂದೆ ಮುಂದೆ ತಿರುವಿದೆ.
ಎಲ್ಲೂ ಇರಲಿಲ್ಲ.
ಜೇಬಿನ ಪೆನ್ಸಿಲು ತೆಗೆದು ಕೊನೇ ಪುಟದ ಬೆನ್ನಿಗೆ ಬರೆದುಕೊಂಡೆ.
'ಮದ್ದು' ದೊಡ್ಡದಾಗಿಯೇ ಬಂತು.
'ಆಮೇಲೆ' ಅನ್ನುವಷ್ಟರಲ್ಲಿ ಅಕ್ಷರ ಸಾಸಿವೆ.

ಸಹಿಯ ಗೆರೆ ಇನ್ನೂ ಖಾಲಿ. ಗುರುವಾರ, ಏಳೂಕಾಲರ ಬಸ್ಸು.
ಟಾರ್ಚು ಹತ್ತಿರ ತರಿಸಿ ನೋಡಿದಳು ಚೋಮಿ, ಓದು ಬಾರದವಳು,
"ಇಷ್ಟು ಸಣ್ಣಕ್ಕೆ ಬರೆದರೆ ಅವರಿಗೆ ಕಾಣ್ತದಾ?
ಬಾಯಲ್ಲೇ ಕೇಳಿ" ಎಂದಳು.